ಘಾಟಕೋಪರದಲ್ಲಿ ಹತ್ತಿದ ಭಾಮಿನಿ: ಅಣಕವಾಡಿನ ಕಸುಬು

ಮುಂಬಯಿಯ ಮಾಟುಂಗದಿಂದ ಡೊಂಬಿವಲಿವರೆಗೆ ಯಾವ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಹೋದರೂ ವಂದನಾರ್ಪಣೆಗೆ ಮೊದಲು ಒಂದು ಅಣಕು ಗೀತೆ ಇದ್ದೇ ಇರುತ್ತದೆ. ನಾಲ್ಕು ಗಂಟೆಗೆಂದು ಕರೆದ ಕಾರ್ಯಕ್ರಮ ಐದಕ್ಕೆ ಶುರುವಾಗಿ, ಗಣ್ಯರಿಗೆಲ್ಲ ಶಾಲು ಹೊದಿಸಿ, 'ಎರಡೇ ಮಾತು' ಎಂದವರು ಇಪ್ಪತ್ತು ನಿಮಿಷ ಮಾತಾಡಿ ಕೂತ ಮೇಲೆ ಕರೋಕೆ ಟ್ರ್ಯಾಕ್ ಹಚ್ಚುತ್ತಾರೆ. ಎಲ್ಲರಿಗೂ ಗೊತ್ತಿರುವ ಧಾಟಿ. ಪ್ರಿಯತಮೆ ಇದ್ದ ಕಡೆ ಈರುಳ್ಳಿ ಬಂದಿರುತ್ತದೆ, ಚಂದಿರ ಇದ್ದ ಕಡೆ ಮೊಬೈಲು. ಮೊದಲ ಸಾಲಿಗೆ ಸಭೆ ಘೊಳ್ಳೆನ್ನುತ್ತದೆ, ಎರಡನೆಯದಕ್ಕೆ ಮುಗುಳ್ನಗುತ್ತದೆ. ಎರಡನೇ ಚರಣ ಬರುವಷ್ಟರಲ್ಲಿ ಹಿಂದಿನ ಕುರ್ಚಿಯವರು ಎದ್ದು ಊಟದ ಸಾಲಿನಲ್ಲಿ ನಿಂತಿರುತ್ತಾರೆ. ಹಾಡಿದವರ ಗಂಟಲು ಚೆನ್ನಾಗಿಯೇ ಇರುತ್ತದೆ, ಈರುಳ್ಳಿಯ ಬೆಲೆಯೂ ನಿಜವಾಗಿ ಏರಿರುತ್ತದೆ. ಹಾಗಿದ್ದೂ ನಗು ಪ್ರತಿ ಸಲ ಎರಡನೇ ಸಾಲಿನಲ್ಲೇ ಯಾಕೆ ಸಾಯುತ್ತದೆ?

ಮೂಲದಿಂದ ಧಾಟಿಯೊಂದನ್ನೇ ತಂದಿರುತ್ತಾರೆ ಎನ್ನುವುದು ನನ್ನ ಉತ್ತರ. ಮೂಲದ ನಡಿಗೆ, ಅದರ ಗತ್ತು, ಅದು ಎಲ್ಲಿ ಉಸಿರು ಎಳೆಯುತ್ತದೆ, ಯಾವ ಮಾತಿಗೆ ಎದೆ ಉಬ್ಬಿಸುತ್ತದೆ ಎಂಬುದೆಲ್ಲ ಅಲ್ಲೇ ಉಳಿದುಹೋಗಿರುತ್ತದೆ. ಈರುಳ್ಳಿಯ ಕುರಿತು ಹೇಳಬೇಕಾದ್ದನ್ನು ಬೇರೆ ಯಾವ ಹಾಡಿನ ಧಾಟಿಯಲ್ಲಿ ಹೇಳಿದರೂ ಅಷ್ಟೇ ಆಗುತ್ತಿತ್ತು. ಅಂಥದ್ದು ಬಾಡಿಗೆ ಅಂಗಿ. ಅಣಕಕ್ಕೆ ಆ ಹಾಡೇ ಬೇಕು, ಬೇರೆ ನಡೆಯುವುದಿಲ್ಲ.

ಪಕ್ಕದ ಮನೆಯ ವಿಡಂಬನ

ಮುಂಬಯಿಯಲ್ಲಿ ಕನ್ನಡ ಬರೆಯುವವರಿಗೆ ಒಂದು ಪದದ ಗೊಂದಲ ತಪ್ಪಿದ್ದಲ್ಲ. ಮರಾಠಿಯವರು 'ವಿಡಂಬನ' ಎಂದರೆ ಅದು ನೇರವಾಗಿ ಅಣಕ: ಒಂದು ಕವಿತೆಯನ್ನು ಎದುರಿಗಿಟ್ಟುಕೊಂಡು ಅದೇ ಛಂದಸ್ಸಿನಲ್ಲಿ, ಅದೇ ಹಾವಭಾವದಲ್ಲಿ ಬರೆದ ತಮಾಷೆಯ ಕವಿತೆ. ನಾವು 'ವಿಡಂಬನೆ' ಎಂದರೆ ಸಮಾಜವನ್ನೋ ಸರಕಾರವನ್ನೋ ತಿವಿಯುವ ಬರಹ. ಅದಕ್ಕೆ ಮೂಲ ಎಂಬುದೊಂದು ಇರಲೇಬೇಕೆಂದಿಲ್ಲ. ಈರುಳ್ಳಿ ಹಾಡಿನವರು ವಿಡಂಬನೆ ಬರೆದು ಅದಕ್ಕೆ ಅಣಕದ ಬಿಲ್ಲೆ ಅಂಟಿಸಿರುತ್ತಾರೆ. ಎರಡೂ ಒಳ್ಳೆಯ ಕೆಲಸವೇ, ಆದರೆ ಉಪಕರಣ ಬೇರೆ.

ಮರಾಠಿಯಲ್ಲಿ ಈ ಕಸುಬಿಗೆ ಭದ್ರ ಬುನಾದಿ ಹಾಕಿದವರು ಪ್ರಹ್ಲಾದ ಕೇಶವ ಅತ್ರೆ. 'ಕೇಶವಕುಮಾರ' ಎಂಬ ಹೆಸರಿನಲ್ಲಿ ಅವರು ಬರೆದ ಅಣಕಗಳ ಸಂಗ್ರಹದ ಹೆಸರು 'ಝೆಂಡೂಚೀ ಫುಲೆ', ಅಂದರೆ ಚೆಂಡು ಹೂಗಳು, ದಸರೆಗೆ ದಾದರಿನ ಹೂವಿನ ಮಾರ್ಕೆಟ್ಟಿನಲ್ಲಿ ರಾಶಿ ಬೀಳುತ್ತವಲ್ಲ, ಅವೇ. 1923ರಲ್ಲಿ ಪುಣೆಯಲ್ಲಿ ರವಿಕಿರಣ ಮಂಡಳ ಎಂಬ ಕವಿಗಳ ಗುಂಪು ಹುಟ್ಟಿತ್ತು. ಅವರ ನಾಜೂಕು ಪ್ರೇಮಗೀತೆಗಳ ಕಾಲವದು. ಅತ್ರೆಯವರಿಗೆ ಆ ಕವಿತೆಗಳ ನರನಾಡಿ ಗೊತ್ತಿತ್ತು. ಕರ್ನಾಟಕ-ಮಹಾರಾಷ್ಟ್ರ ಗಡಿಯ ವಿಷಯದಲ್ಲಿ ಅವರ ಮಾತು ನಮಗೆ ಪಥ್ಯವಲ್ಲ, ಇರಲಿ. ಅಣಕದ ವಿಷಯದಲ್ಲಿ ಅವರು ತೋರಿಸಿಕೊಟ್ಟದ್ದು ದೊಡ್ಡದು: ಅಣಕಿಸುವವನು ಮೂಲ ಕವಿಯ ಅತ್ಯಂತ ಗಮನದ ಓದುಗನಾಗಿರಬೇಕು. ಪ್ರೀತಿಯಿಲ್ಲದಿದ್ದರೂ ನಡೆದೀತು, ಗಮನ ಇಲ್ಲದಿದ್ದರೆ ಆಗದು.

ನಮ್ಮಲ್ಲಿ ನಾಟಕಕಾರ ಟಿ.ಪಿ. ಕೈಲಾಸಂ ಇದ್ದರು. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದವರು ಜೊತೆಗೆ ಅಲ್ಲಿನ ನಾಟಕಶಾಲೆಗಳ ಹಾಡುಗಳನ್ನೂ ಹೊತ್ತು ತಂದರು. ಇಂಗ್ಲಿಷ್ ಹಾಡೊಂದರಲ್ಲಿ ಬರುವ 'ಟಿಪ್ಪರೆರಿ' ಎಂಬ ಊರು ಅವರ ಕಿವಿಗೆ 'ತಿಪ್ಪಾರಳ್ಳಿ' ಎಂದು ಕೇಳಿಸಿತು. ಆ ಒಂದು ಕೇಳಿಸಿಕೊಳ್ಳುವಿಕೆಯಲ್ಲಿ ಅರ್ಧ ಹಾಡು ಮುಗಿದಿತ್ತು. 'ಕೋಳೀಕೆ ರಂಗ' ಇನ್ನೂ ಚುರುಕು. ಮೂಲ ಇಂಗ್ಲಿಷ್ ಹಾಡಿನಲ್ಲಿ ಕಾನ್‌ಸ್ಟಾಂಟಿನೋಪಲ್ ಎಂಬ ಊರಿನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳುತ್ತಾರೆ. ಕೈಲಾಸಂ ರಂಗನ ಕೈಯಲ್ಲಿ ಅವನ ಹೆಸರನ್ನು ಕನ್ನಡದ ಅಕ್ಷರಗಳಲ್ಲಿ, ಸೊನ್ನೆಯ ಸಮೇತ, ಹಾಗೇ ಬಿಡಿಸಿ ಹೇಳಿಸಿದರು. ಇಂಗ್ಲಿಷಿನವರ ಸ್ಪೆಲ್ಲಿಂಗ್ ಚಟವನ್ನು ಸ್ಪೆಲ್ಲಿಂಗೇ ಇಲ್ಲದ ಭಾಷೆಗೆ ತೊಡಿಸಿದಾಗ ಹುಟ್ಟಿದ ನಗೆ ಅದು. ಬೇರೆ ಯಾವ ಧಾಟಿಗೆ ಹಾಕಿದರೂ ಆ ತಮಾಷೆ ಉಳಿಯುತ್ತಿರಲಿಲ್ಲ.

ಮೊದಲು ಎಣಿಕೆ

ಈಗ ಕೆಲಸಕ್ಕೆ ಬರೋಣ. ಅಣಕ ಬರೆಯಲು ಕೂತಾಗ ಮೊದಲು ತಮಾಷೆ ಹುಡುಕಬಾರದು, ಮಾತ್ರೆ ಎಣಿಸಬೇಕು. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದಕ್ಕೆ, ಅನುಸ್ವಾರ ಇರುವುದಕ್ಕೆ ಎರಡು. ಒಂದರದು ಲಘು, ಎರಡರದು ಗುರು, ಶಾಲೆಯಲ್ಲಿ ಮಾಡಿದ್ದೇ. ಕುಮಾರವ್ಯಾಸ ಭಾರತವನ್ನು ಬರೆದ ಆರು ಸಾಲಿನ ಭಾಮಿನಿ ಷಟ್ಪದಿ ತೆಗೆದುಕೊಳ್ಳಿ. 1, 2, 4, 5ನೇ ಸಾಲುಗಳಲ್ಲಿ ಮೂರು-ನಾಲ್ಕು-ಮೂರು-ನಾಲ್ಕು, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲುಗಳಲ್ಲಿ ಅದರ ಒಂದೂವರೆ ಪಟ್ಟು, ಮೇಲೊಂದು ಗುರು (ಕೊನೆಯಲ್ಲಿ ಲಘು ಬಂದರೂ ಗುರುವೆಂದೇ ಲೆಕ್ಕ), ಅಂದರೆ 23. ಆರು ಸಾಲಿಗೂ ಎರಡನೇ ಅಕ್ಷರದ ಪ್ರಾಸ. ಕರಾವಳಿಯಿಂದ ಬಂದ ಮುಂಬಯಿಗರಿಗೆ ಈ ನಡಿಗೆ ಪುಸ್ತಕದಿಂದಲ್ಲ, ಕಿವಿಯಿಂದ ಗೊತ್ತು. ಯಕ್ಷಗಾನದ ಭಾಗವತರು ಭಾಮಿನಿಯನ್ನೂ ವಾರ್ಧಕವನ್ನೂ (ಐದೈದು ಮಾತ್ರೆಗಳ ಇನ್ನೊಂದು ಷಟ್ಪದಿ) ತಾಳವಿಲ್ಲದೆ ಎಳೆದು ಹಾಡುವುದನ್ನು ಅವರು ಬೇಕಾದಷ್ಟು ಕೇಳಿದ್ದಾರೆ. ಹೀಗಾಗಿ ಪದ ಅರ್ಥವಾಗದಿದ್ದರೂ ಗತ್ತು ಅರ್ಥವಾಗುತ್ತದೆ, ಅಣಕಕ್ಕೆ ಬೇಕಾದ್ದೂ ಅಷ್ಟೇ.

ಇನ್ನು ಈ ಚೌಕಟ್ಟಿಗೆ ಲೋಕಲ್ ರೈಲನ್ನು ಹತ್ತಿಸಬೇಕು. ಸ್ಟೇಷನ್ ಹೆಸರುಗಳನ್ನು ತೂಗಿ ನೋಡಿದರೆ ಅವೇ ತಮ್ಮ ತಮ್ಮ ಛಂದಸ್ಸನ್ನು ಆರಿಸಿಕೊಂಡು ಕೂತಿವೆ. ಠಾಣೆಗೆ ಮೂರು ಮಾತ್ರೆ, ದಾದರಕ್ಕೆ ನಾಲ್ಕು. 'ಠಾಣೆ ದಾದರ' ಎಂದರೆ ಭಾಮಿನಿಯ ಅರ್ಧ ಸಾಲು ತಯಾರು. ಘಾಟಕೋಪರ ಒಂದೇ ಹೆಸರು, ಒಳಗೆ ಮೂರು-ನಾಲ್ಕು ಎರಡೂ ಇದೆ. ಅಂಧೇರಿ, ಕಲ್ಯಾಣ, ಮಾಟುಂಗ, ಡೊಂಬಿವಲಿ ಈ ನಾಲ್ಕಕ್ಕೂ ಐದೈದು. ಭಾಮಿನಿಯಲ್ಲಿ ಅವು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಆದರೆ 'ಅಂಧೇರಿ ಕಲ್ಯಾಣ ಮಾಟುಂಗ ಡೊಂಬಿವಲಿ' ಎಂದು ಸಾಲಾಗಿ ಹೇಳಿ ನೋಡಿ, ಇಪ್ಪತ್ತು ಮಾತ್ರೆಯ ವಾರ್ಧಕದ ಸಾಲು ಸಿದ್ಧ. ಭೂಗೋಳ ತಪ್ಪು, ಛಂದಸ್ಸು ಸರಿ. ಮುಲುಂಡ ಮತ್ತು ವಿರಾರ್ ಮಾತ್ರ ತಂಟೆಕೋರ ಹೆಸರುಗಳು. ಎರಡೂ ಲಘುವಿನಿಂದ ಶುರುವಾಗಿ ಕೂಡಲೇ ಗುರುವಿಗೆ ಹಾರುತ್ತವೆ. ಮಾತ್ರಾಗಣವೊಂದು, ಅಂದರೆ ಮಾತ್ರೆಗಳ ಗುಂಪೊಂದು, ಹಾಗೆ ಆರಂಭವಾದರೆ ಎಣಿಕೆ ಸರಿಯಿದ್ದರೂ ನಡಿಗೆ ಎಡವುತ್ತದೆ, ಅದಕ್ಕೇ ಹಳಬರು ಅದನ್ನು ನಿಷೇಧಿಸಿದ್ದು. ವಿರಾರಿಗೆ ಕೊನೆಯಲ್ಲಿ ಬರುತ್ತೇನೆ.

ಘಾಟಕೋಪರವನ್ನೇ ಹಿಡಿದರೆ ಪ್ರಾಸಾಕ್ಷರ 'ಟ' ಆಯಿತು. ಓಟ, ಕೋಟೆ, ಮೀಟು, ಚೀಟಿ, ಬೂಟು ಎಂದು ಪಟ್ಟಿ ಬರೆದುಕೊಂಡು ಕಟ್ಟಿದರೆ ಹೀಗಾಗುತ್ತದೆ:

ಘಾಟಕೋಪರ ದಾಟಲೊಮ್ಮೆಗೆ
ಓಟದಲಿ ಜನರೆದ್ದು ಬಾಗಿಲ
ಕೋಟೆಗೊತ್ತಿದರಾನೆಯೊತ್ತುವ ತೆರದಿ ಡಬ್ಬದಲಿ
ಮೀಟಿದರು ಮೊಣಕೈಯಲಿಬ್ಬರು
ಚೀಟಿಯಿಲ್ಲದ ಧೀರನಡಗಿದ
ಬೂಟುಗಾಲಿಗೆ ಸಿಕ್ಕಿ ನರಳಿತು ಒಂಟಿ ಚಪ್ಪಲಿಯು

ಇದನ್ನು ಬಿಚ್ಚಿ ನೋಡುವುದು ಒಳ್ಳೆಯದು. 'ಓಟದಲ್ಲಿ' ಎಂದು ಬರೆದಿದ್ದರೆ ಒತ್ತಕ್ಷರದಿಂದಾಗಿ 'ದ' ಗುರುವಾಗಿ ಒಂದು ಮಾತ್ರೆ ಹೆಚ್ಚುತ್ತಿತ್ತು, 'ದಲಿ' ಎಂದರೆ ಸರಿ. ಈ 'ದಲಿ' ಎಣಿಕೆಯನ್ನು ಉಳಿಸುವುದರ ಜೊತೆಗೆ ಕಿವಿಗೆ ಹಳೆಗಾಲದ ವಾಸನೆಯನ್ನೂ ತರುತ್ತದೆ, ಒಂದೇ ಕಲ್ಲಿಗೆ ಎರಡು ಹಣ್ಣು. 'ಟಿಕೆಟ್' ಎನ್ನಬೇಕೆಂದು ಕೈ ತುರಿಸುತ್ತದೆ, ಆದರೆ ಅದೂ ವಿರಾರಿನ ಜಾತಿಯೇ, ಲಘು ಆಮೇಲೆ ಗುರು, ಮೇಲಾಗಿ ಪ್ರಾಸಕ್ಕೂ ಒಗ್ಗದು. 'ಚೀಟಿ' ಬಂದದ್ದು ಹಾಗೆ. 'ಚೀಟಿಯಿಲ್ಲದವನೊಬ್ಬ' ಎಂದು ಮೊದಲು ಹೊಳೆಯುವುದು ಸಹಜ, ಮಾತ್ರೆ ಹೆಚ್ಚಾಗುತ್ತದೆ. ತೆಗೆದು 'ಧೀರ' ಎಂದು ಹಾಕಿದೊಡನೆ ಎಣಿಕೆಯೂ ಕೂತಿತು, ನಗೆಯೂ ಬಂತು. ಇದು ಆಕಸ್ಮಿಕವಲ್ಲ. ಛಂದಸ್ಸು ಬೇಡವೆಂದ ಪದದ ಜಾಗಕ್ಕೆ ಹುಡುಕುತ್ತಾ ಹೋದಾಗ ಸಿಗುವ ಪದ ಸಾಮಾನ್ಯವಾಗಿ ಹೆಚ್ಚು ತಮಾಷೆಯದ್ದಾಗಿರುತ್ತದೆ, ಏಕೆಂದರೆ ಅದು ಆ ಛಂದಸ್ಸಿನ ಸ್ವಂತ ಲೋಕದಿಂದ ಎದ್ದು ಬಂದಿರುತ್ತದೆ.

ಪದಗಳ ಪಾಲು ನೋಡಿ. ಕೋಟೆ, ಆನೆ, ಧೀರ, ನರಳುವುದು, ಇವೆಲ್ಲ ರಣರಂಗದವು. ಡಬ್ಬ, ಮೊಣಕೈ, ಚೀಟಿ, ಬೂಟು, ಚಪ್ಪಲಿ ರೈಲಿನವು. ಹೆಚ್ಚುಕಡಿಮೆ ಅರ್ಧರ್ಧ. ಎಲ್ಲವೂ ರೈಲಿನವೇ ಆದರೆ ಅದು ಪ್ರಾಸವಿರುವ ದೂರು ಅರ್ಜಿ. ಎಲ್ಲವೂ ಯುದ್ಧದ್ದೇ ಆದರೆ ಯಾರಿಗೂ ಲೋಕಲ್ ಕಾಣಿಸುವುದಿಲ್ಲ. ಚಪ್ಪಲಿ ಕೊನೆಯ ಸಾಲಿಗೇ ಬಂದದ್ದಕ್ಕೂ ಕಾರಣವಿದೆ. ಆರನೇ ಸಾಲು ಉದ್ದ, ಕಿವಿ ಒಂದು ಭಾರಿ ಮುಕ್ತಾಯಕ್ಕೆ ಸಿದ್ಧವಾಗಿರುತ್ತದೆ. ಅಲ್ಲಿ ಇಡೀ ಪದ್ಯದ ಅತ್ಯಂತ ಚಿಕ್ಕ ವಸ್ತುವನ್ನು ಇಡಬೇಕು. ಚಪ್ಪಲಿ ಮೊದಲ ಸಾಲಿಗೇ ಬಂದಿದ್ದರೆ ಉಳಿದ ಐದು ಸಾಲು ಅದರ ಹಿಂದೆ ಕುಂಟುತ್ತಿದ್ದವು. ಸಂಘದ ಹಾಡುಗಳಲ್ಲಿ ಈರುಳ್ಳಿ ಮೊದಲ ಸಾಲಿಗೇ ಬಂದುಬಿಡುತ್ತದೆ ಎಂಬುದನ್ನು ಇಲ್ಲಿ ನೆನೆಯಬಹುದು.

ಒಂದೇ ಪದ ಸಾಕಾದಾಗ

ಎಲ್ಲಕ್ಕೂ ಷಟ್ಪದಿ ಬೇಕಿಲ್ಲ. 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.' ಇದರಲ್ಲಿ 'ಮಾತು' ತೆಗೆದು 'ಸೀಟು' ಹಾಕಿ. ಮೂರು ಮಾತ್ರೆಗೆ ಮೂರು ಮಾತ್ರೆ, ಕೊನೆಯ ಉಕಾರಕ್ಕೆ ಉಕಾರ. ಕೂತವರನ್ನು 'ಕಹಾಂ ಉತರೋಗೇ' (ಎಲ್ಲಿ ಇಳಿಯುತ್ತೀರಿ) ಎಂದು ಕೇಳಿ, ಕುರ್ಲಾದಲ್ಲಿ ಖಾಲಿಯಾಗುವ ಜಾಗವನ್ನು ಮುಲುಂಡದಲ್ಲೇ ಬುಕ್ ಮಾಡುವ ವಿದ್ಯೆ ಗೊತ್ತಿರುವ ಯಾರಿಗೂ ಇದನ್ನು ವಿವರಿಸಬೇಕಿಲ್ಲ. 'ಲೋಕಲ್ ಟ್ರೇನಿನ ಸೀಟಿನ ಗುಟ್ಟು ಬಲ್ಲವನಿಗೆ' ಎಂದು ಬಿಡಿಸಿ ಬರೆದಿರೋ, ಗಾದೆ ಸತ್ತಿತು. ಮೊದಲರ್ಧವನ್ನು ಮುಟ್ಟಬಾರದು. ಕೇಳುವವರು ಮೂಲವನ್ನು ಮನಸ್ಸಿನಲ್ಲೇ ಮುಗಿಸುವಷ್ಟು ಹೊತ್ತು ಕೊಟ್ಟು, ಅವರಿಗಿಂತ ಒಂದು ಹೆಜ್ಜೆ ತಡವಾಗಿ ಬೇರೆ ಪದ ಇಡಬೇಕು.

ಇಲ್ಲಿ ಮುಂಬಯಿಯ ಬರಹಗಾರನಿಗೆ ಮಾತ್ರ ಇರುವ ಒಂದು ತೊಡಕಿದೆ. ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಪಾಠಪುಸ್ತಕ ಓದಿದ ತಲೆಮಾರಿಗೆ ಬಾಯಿಪಾಠ ಪದ್ಯಗಳಿದ್ದವು. ಅವರ ಮಕ್ಕಳು ಇಂಗ್ಲಿಷ್ ಮಾಧ್ಯಮ, ಮನೆಯಲ್ಲಿ ತುಳುವೋ ಕೊಂಕಣಿಯೋ ಕನ್ನಡವೋ, ಕೆಳಗೆ ಮೈದಾನದಲ್ಲಿ ಮರಾಠಿ-ಹಿಂದಿ. ವಿಜಯಪುರದ ಕಡೆಯವರಿಗೆ ಯಕ್ಷಗಾನದ ಗತ್ತು ಹೊಸತು, ಉಡುಪಿಯವರಿಗೆ ಸಣ್ಣಾಟದ ಪದ ಹೊಸತು. ಮೂಲವೇ ಗೊತ್ತಿಲ್ಲದವರ ಎದುರು ಅಣಕ ಹಾಡುವುದೆಂದರೆ ಕನ್ನಡಿಯಿಲ್ಲದ ಕೋಣೆಯಲ್ಲಿ ಮುಖ ಅಣಕಿಸಿದ ಹಾಗೆ. ಹಾಡಿಗೆ ಮೊದಲು 'ಇದು ಇಂಥ ಕವಿಯ ಇಂಥ ಪದ್ಯ' ಎಂದು ಪೀಠಿಕೆ ಹಾಕಬೇಕಾಗಿ ಬಂದರೆ ಮೂಲವನ್ನೇ ಬದಲಿಸಿ, ಪೀಠಿಕೆಯಿಂದ ನಗೆ ಹುಟ್ಟಿದ್ದನ್ನು ಯಾರೂ ಕಂಡಿಲ್ಲ.

ಹಾಗಾದರೆ ಈ ಊರಿನ ಕನ್ನಡಿಗರಿಗೆಲ್ಲ ಬಾಯಿಪಾಠವಾಗಿರುವುದು ಯಾವುದು? ಲೋಕಲ್ಲಿನ ಘೋಷಣೆ. 'ಪುಢೀಲ ಸ್ಟೇಶನ್, ದಾದರ್. ಅಗಲಾ ಸ್ಟೇಶನ್, ದಾದರ್. ನೆಕ್ಸ್ಟ್ ಸ್ಟೇಶನ್, ದಾದರ್.' ಮೂರು ಭಾಷೆ, ಒಂದೇ ಸಂಗತಿ, ಏರಿಳಿತವಿಲ್ಲದ ದನಿ. ಇದನ್ನು ಸಂಘದ ವೇದಿಕೆಗೆ ತಂದು ನೋಡಿ: 'ಪುಢೀಲ ಭಾಷಣ, ಅಧ್ಯಕ್ಷ್. ಅಗಲಾ ಭಾಷಣ, ಅಧ್ಯಕ್ಷ್. ನೆಕ್ಸ್ಟ್ ಭಾಷಣ, ಅಧ್ಯಕ್ಷ್. ಇದು ಫಾಸ್ಟ್ ಭಾಷಣ. ಈ ಭಾಷಣವು ಅಲ್ಪವಿರಾಮ, ಅರ್ಧವಿರಾಮ ಮತ್ತು ಪೂರ್ಣವಿರಾಮಗಳಲ್ಲಿ ನಿಲ್ಲುವುದಿಲ್ಲ.' ಪ್ಲಾಟ್‌ಫಾರ್ಮಿನಲ್ಲಿ ನಿಂತು 'ಈ ಗಾಡಿ ಇಂತಿಂಥ ಸ್ಟೇಷನ್ನುಗಳಲ್ಲಿ ನಿಲ್ಲುವುದಿಲ್ಲ' ಎಂಬುದನ್ನು ಕೇಳಿ ಕೇಳಿ ಹಣ್ಣಾದ ಸಭೆ ಇದು. ಮೂರು ಸಲ ಒಂದೇ ಮಾತು ಬಂದಾಗ ತಾಳ್ಮೆಗೆಟ್ಟು ಎರಡನೆಯದನ್ನು ಬಿಟ್ಟುಬಿಡುವವರಿದ್ದಾರೆ, ತಪ್ಪು. ಬೇಸರವೂ ಮೂಲದ ಭಾಗ, ಅದನ್ನೂ ನಕಲು ಮಾಡಬೇಕು.

ಗಣಪೂರ್ತಿ ಇಲ್ಲದ ಮನೆ

ಗದ್ಯದ ಅಣಕಕ್ಕೆ ಹೌಸಿಂಗ್ ಸೊಸೈಟಿಯ ನೋಟೀಸಿಗಿಂತ ಒಳ್ಳೆಯ ಮೂಲ ಸಿಗದು. ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ವರ್ಷಕ್ಕೊಮ್ಮೆ ಎಲ್ಲರೂ ಓದಿರುತ್ತಾರೆ. ಸಂಘಗಳ ಮಹಾಸಭೆಯ ಕರೆಯೋಲೆಯೂ ಅದೇ ಅಚ್ಚು. ಅದನ್ನು ಮನೆಯೊಳಗೆ ತಂದರೆ:

'ಎಲ್ಲ ಸದಸ್ಯರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಮನೆಯ ವಾರ್ಷಿಕ ಮಹಾಸಭೆಯು ಬರುವ ಭಾನುವಾರ ಬೆಳಿಗ್ಗೆ 9 ಗಂಟೆಗೆ ಅಡುಗೆಮನೆಯಲ್ಲಿ ಜರಗಲಿರುವುದು. ವಿಷಯಪಟ್ಟಿ: 1. ಕಳೆದ ಭಾನುವಾರದ ಜಗಳದ ನಡಾವಳಿಯನ್ನು ಓದಿ ದೃಢೀಕರಿಸುವುದು. 2. ಇಡ್ಲಿ ಹಿಟ್ಟಿನ ಲೆಕ್ಕಪತ್ರ ಮಂಡಿಸಿ ಅಂಗೀಕಾರ ಪಡೆಯುವುದು. 3. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕುವ ಸದಸ್ಯರ ವಿರುದ್ಧ ಉಪನಿಯಮದಂತೆ ಕ್ರಮ ಜರಗಿಸುವುದು. 4. ಅಧ್ಯಕ್ಷೆಯವರ ಅನುಮತಿಯ ಮೇರೆಗೆ ಇತರ ವಿಷಯಗಳು. ವಿ.ಸೂ.: ಗಣಪೂರ್ತಿಯಾಗದಿದ್ದಲ್ಲಿ ಸಭೆಯನ್ನು ಮುಂದೂಡಿ, ಅರ್ಧ ಗಂಟೆಯ ಬಳಿಕ ಅದೇ ಸ್ಥಳದಲ್ಲಿ, ಗಣಪೂರ್ತಿಯ ಅಗತ್ಯವಿಲ್ಲದೆ ನಡೆಸಲಾಗುವುದು. ಇಡ್ಲಿಯನ್ನು ಮುಂದೂಡಲಾಗುವುದಿಲ್ಲ.'

ಈ ಕೊನೆಯ ವಾಕ್ಯ ಬೇಕೋ ಬೇಡವೋ ಎಂಬುದು ಜಗಳದ ವಿಷಯ. ಓದಿದರೆ ನಗು ಬರುತ್ತದೆ, ನಿಜ. ಆದರೂ ನನ್ನ ಮತ ತೆಗೆಯುವ ಕಡೆಗೆ. ಅದರ ಹಿಂದಿನ ವಾಕ್ಯ ನಿಜವಾದ ನೋಟೀಸುಗಳಲ್ಲಿ ಇರುವಂಥದ್ದೇ, ಗಣಪೂರ್ತಿಯ ಮಾತನ್ನು ತಿರುಚಿಯೇ ಇಲ್ಲ. ಮೂವರ ಮನೆಗೆ ಹಾಕಿದ ಕೂಡಲೇ ಅದು ತನ್ನಷ್ಟಕ್ಕೆ ಹಾಸ್ಯಾಸ್ಪದವಾಗಿದೆ. ಮೂಲ ತಾನೇ ತನ್ನನ್ನು ಅಣಕಿಸಿಕೊಳ್ಳುತ್ತಿರುವಾಗ ಬರಹಗಾರ ಬಾಗಿಲಿನಿಂದ ಇಣುಕಿ 'ಹೇಗಿದೆ?' ಎಂದು ಕೇಳಬಾರದು. ಇಡ್ಲಿಯ ವಾಕ್ಯ ಹಾಗೆ ಇಣುಕುತ್ತಿದೆ. ಇದೇ ಕಾರಣಕ್ಕೆ ಆಶ್ಚರ್ಯಸೂಚಕ ಚಿಹ್ನೆ, ಅವತರಣದೊಳಗಿನ ಚೇಷ್ಟೆಯ ಪದ, ಬಾಯಿಬಿಟ್ಟು ನಗುವ ಚಿತ್ರ, ಯಾವುದೂ ಬೇಡ. ಕಾರ್ಯದರ್ಶಿ ನಗುವುದಿಲ್ಲ. ಅಂಕಿಗಳ ಕ್ರಮ, 'ಜರಗಲಿರುವುದು', 'ವಿ.ಸೂ.' ಎಲ್ಲ ಇದ್ದಲ್ಲೇ ಇರಲಿ. ಬದಲಿಸಿದ್ದು ನಾಮಪದಗಳನ್ನು ಮಾತ್ರ, ಕ್ರಿಯಾಪದಗಳನ್ನು ಮುಟ್ಟಿಲ್ಲ. ಸರಕಾರಿ ಗದ್ಯದ ಪ್ರಾಣ ಕ್ರಿಯಾಪದದಲ್ಲಿದೆ.

ಹಾಡುವಾಗ

ಕರೋಕೆಯ ದೊಡ್ಡ ತೊಂದರೆಯೆಂದರೆ ಅದು ಕಾಯುವುದಿಲ್ಲ. ಸಭೆ ನಗಲು ಮೂರ್ನಾಲ್ಕು ಸೆಕೆಂಡು ಬೇಕು, ಟ್ರ್ಯಾಕ್ ಮುಂದೆ ಹೋಗಿಬಿಟ್ಟಿರುತ್ತದೆ, ಮುಂದಿನ ಸಾಲಿನ ತಮಾಷೆ ಆ ನಗುವಿನಡಿ ಮುಚ್ಚಿಹೋಗುತ್ತದೆ. ಎರಡನೇ ಸಾಲಿನಲ್ಲಿ ನಗು ಸಾಯುವುದಕ್ಕೆ ಇದೂ ಒಂದು ಕಾರಣ. ಹಾರ್ಮೋನಿಯಂ ತಬಲಾದವರಿದ್ದರೆ ಒಂದು ಸುತ್ತು ಹೆಚ್ಚು ಬಾರಿಸಿ ಕಾಯುತ್ತಾರೆ. ಟ್ರ್ಯಾಕೇ ಗತಿ ಎಂದಾದರೆ, ದೊಡ್ಡ ನಗೆಯನ್ನು ವಾದ್ಯದ ತುಣುಕು ಬರುವ ಮುಂಚಿನ ಸಾಲಿಗೆ ತಳ್ಳಬೇಕು. ಎಳೆದು ಹಾಡುವ ಜಾಗದಲ್ಲಿ ಆ, ಓ, ಏ ಇರುವ ಪದ ಬೇಕು. 'ಫ್ಲ್ಯಾಟ್', 'ಟ್ರಾಫಿಕ್' ಎಂದು ಅರ್ಧಾಕ್ಷರದಲ್ಲಿ ಮುಗಿಯುವ ಪದವನ್ನು ಅಲ್ಲಿಟ್ಟರೆ ಹಾಡುಗಾರನ ಬಾಯಿ ಮುಚ್ಚಿಕೊಳ್ಳುತ್ತದೆ, 'ಫ್ಲ್ಯಾಟೂ' ಎಂದು ಬಾಲ ಹಚ್ಚಬೇಕಾಗುತ್ತದೆ. ಪಲ್ಲವಿ ಮತ್ತು ಎರಡು ಚರಣ, ಅಷ್ಟು ಸಾಕು. ಮೂಲದಲ್ಲಿ ನಾಲ್ಕು ಚರಣ ಇದೆ ಎಂಬುದು ಕಾರಣವಲ್ಲ.

ಹಾಡಿದ್ದನ್ನು ಯೂಟ್ಯೂಬಿಗೆ ಹಾಕಿದರೆ ಮೊದಲು ಆಕ್ಷೇಪ ಬರುವುದು ನಿಮ್ಮ ಪದಗಳ ಮೇಲಲ್ಲ, ಟ್ರ್ಯಾಕಿನ ಮೇಲೆ. ಧ್ವನಿಮುದ್ರಣದ ಹಕ್ಕು ಬೇರೆ, ರಾಗಸಂಯೋಜನೆಯ ಹಕ್ಕು ಬೇರೆ, ಸಾಹಿತ್ಯದ್ದು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕವಿಯ ಹಕ್ಕು ಅವರು ತೀರಿದ ಮೇಲೂ 60 ವರ್ಷ ಉಳಿಯುತ್ತದೆ. 52ನೇ ಕಲಮಿನಲ್ಲಿ ವಿಮರ್ಶೆಗಾಗಿ ನ್ಯಾಯಯುತ ಬಳಕೆಗೆ ಅವಕಾಶವಿದೆ, ಅಣಕ ಎಂಬ ಪದ ಅಲ್ಲಿಲ್ಲ. ಮಲಯಾಳದ ಪ್ರಸಿದ್ಧ ನಾಟಕವೊಂದಕ್ಕೆ ಬರೆದ 'ಪ್ರತಿನಾಟಕ'ದ ಮೊಕದ್ದಮೆಯಲ್ಲಿ 1996ರಲ್ಲಿ ಕೇರಳ ಹೈಕೋರ್ಟು ಪ್ರತಿನಾಟಕದ ಪರವಾಗಿ ನಿಂತಿತು, ಮೂಲವನ್ನು ಟೀಕಿಸಲೆಂದೇ ಅದರ ಭಾಗಗಳನ್ನು ಬಳಸಿದ್ದು ಎಂಬ ನೆಲೆಯಲ್ಲಿ. ನೋಡಿ, ಕೋರ್ಟಿಗೂ ಅದೇ ಪ್ರಶ್ನೆ: ಈ ಮೂಲವೇ ಯಾಕೆ ಬೇಕಿತ್ತು? ಈರುಳ್ಳಿ ಹಾಡಿಗೆ ಅಲ್ಲಿ ಉತ್ತರ ಸಿಗುವುದು ಕಷ್ಟ. ಇನ್ನೊಂದು ಎಚ್ಚರ. ಗಾಂಧಿಯವರ ಕುರಿತ ಮರಾಠಿ ಕವನವೊಂದು 1994ರಲ್ಲಿ ಬ್ಯಾಂಕ್ ನೌಕರರ ಪತ್ರಿಕೆಯಲ್ಲಿ ಅಚ್ಚಾಗಿ ಕೋರ್ಟು ಮೆಟ್ಟಿಲೇರಿತು. 2015ರಲ್ಲಿ ಸುಪ್ರೀಂ ಕೋರ್ಟು, ಚರಿತ್ರೆಯ ಪೂಜ್ಯರ ಬಾಯಲ್ಲಿ ಅಶ್ಲೀಲ ಮಾತನ್ನಿಟ್ಟರೆ ಅಳತೆಗೋಲು ಇನ್ನಷ್ಟು ಬಿಗಿ ಎಂದಿತು. ಹಿರಿಯರನ್ನು ಅಣಕಿಸುವುದಾದರೆ ಅವರ ಶೈಲಿಯನ್ನು ಅಣಕಿಸಿ, ಅವರ ಬಾಯಿಗೆ ನಿಮ್ಮ ಬೈಗುಳ ತುಂಬಬೇಡಿ. ಕಾನೂನನ್ನು ಬದಿಗಿಟ್ಟರೂ, ಬೈಗುಳದಿಂದ ಬರುವ ನಗೆ ಅಗ್ಗದ್ದು.

ಇನ್ನು ವಿರಾರ್. ಗಣದ ಮೊದಲಿಗೆ ಅದು ನಿಲ್ಲುವುದಿಲ್ಲ ಎಂದೆ. ಹಿಂದೆ ಒಂದು ಗುರು ನಿಲ್ಲಿಸಿದರೆ ನಿಲ್ಲುತ್ತದೆ: 'ಈ ವಿ' ಮೂರು, 'ರಾರಿನ' ನಾಲ್ಕು. ಹೆಸರು ಎರಡು ಗಣಗಳ ನಡುವೆ ಸೀಳಿಹೋಯಿತು, ಆದರೆ ಕಿವಿಗೆ ಗೊತ್ತಾಗುವುದಿಲ್ಲ. ಮುಲುಂಡಕ್ಕೂ ಇದೇ ಮದ್ದು, 'ಆ ಮುಲುಂಡಿನ'. ಈಗ ಪ್ರಾಸಾಕ್ಷರ 'ವ' ಆಯಿತು:

ಈ ವಿರಾರಿನ ಫಾಸ್ಟಿನೊಳಗಡೆ
ಸಾವಿರದ ಕೈಯೊಂದೆ ಹಿಡಿಕೆಗೆ

ಮೂರನೇ ಸಾಲು 23 ಮಾತ್ರೆಯದು. ನೋವು, ಹಾವು, ಮಾವ, ದೇವ, ಇಷ್ಟು ಪದಗಳು ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿವೆ. ಮಾವನನ್ನು ಮೊದಲು ಹತ್ತಿಸಿ ನೋಡಬೇಕು.